ಲಾನ್ ಕಿತ್ತ ಮೇಲೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಕುಳ್ಳ,

ಫೋಟೊ ನೋಡಿ ನಮ್ಮ ಮನೆ ಮುಂದಿನ ಲಾನ್ ಎಲ್ಲಿ ಹೋಯ್ತು ಅಂತ ನೀನು ಕೇಳಿದ್ದೆ. ಕಿತ್ತು ಹಾಕಿದೆ ಕಣೋ. 20 ಅಡಿ ಉದ್ದ, 15 ಅಡಿ ಅಗಲ. ನರ್ಸರಿಯವರು ಚಾಪೆ ಹಾಗೆ ತಂದು ಹಾಸಿದ್ದ ಹುಲ್ಲು ಚಾಪೆ ಹಾಗೇ ಎದ್ದು ಬಂತು. ಕೆಳಗಿನ ಮಣ್ಣು ಇಟ್ಟಿಗೆ ಥರ ಗಟ್ಟಿ. ಹುಡುಕಿದರೂ ಒಂದು ಎರೆಹುಳು ಸಿಗಲಿಲ್ಲ.

ಈಗ ಅಲ್ಲಿ ತುಂಬೆ, ಎಕ್ಕ, ಲಕ್ಕಿ, ಆಡುಸೋಗೆ ಇವೆ. ಕಾಂಪೌಂಡ್ ಪಕ್ಕ ಆವರಿಕೆ. ಎಲ್ಲ ನಮ್ಮ ಬಯಲುಸೀಮೆಯ ಬಿಸಿಲು ಕಂಡ ಗಿಡಗಳು, ಬೇರು ಊರಿದ ಮೇಲೆ ನೀರು ಜಾಸ್ತಿ ಕೇಳುವುದಿಲ್ಲ. ಎಕ್ಕದ ಎಲೆಯನ್ನು ನೀನು ಬಗ್ಗಿ ನೋಡಬೇಕು. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಅಂಚಿನಿಂದ ತಿನ್ನುತ್ತಾ ಬರುತ್ತದೆ. ಎಕ್ಕದ ಹಾಲು ವಿಷ ಅಲ್ವಾ, ಆ ವಿಷವನ್ನೇ ಮೈಯಲ್ಲಿ ಇಟ್ಟುಕೊಳ್ಳುತ್ತದೆ, ಅದಕ್ಕೇ ಹಕ್ಕಿಗಳು ಅದರ ತಂಟೆಗೆ ಹೋಗುವುದು ಕಡಿಮೆ. ಮುಂದೆ ಅದೇ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ.

ಇಷ್ಟೇ ಬರೆಯೋಣ ಅಂತ ಕೂತಿದ್ದೆ. ಆದರೆ ನೋಡಿದವರೆಲ್ಲ ಹೊಗಳುತ್ತಿದ್ದಾರೆ, ಅದು ಚುಚ್ಚುತ್ತಿದೆ.

2024ರ ಮಾರ್ಚ್ ನೆನಪಿದೆಯಲ್ಲ? ಬೆಂಗಳೂರಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕ ಒಂದು ದಿನ ಎರಡು ಬಿಂದಿಗೆ ನೀರು ಕೇಳಿದರು. ಅವರ ಬೀದಿಗೆ ನಾಲ್ಕು ದಿನದಿಂದ ಟ್ಯಾಂಕರ್ ಬಂದಿರಲಿಲ್ಲ. "ಸಂಪ್‌ನಲ್ಲಿ ತಳ ಕಾಣ್ತಿದೆ ಅಕ್ಕ" ಅಂದೆ. ಅರ್ಧ ಸಂಪ್ ನೀರಿತ್ತು. ಅವತ್ತು ರಾತ್ರಿ 11 ಗಂಟೆಗೆ ಗೇಟಿನ ದೀಪ ಆರಿಸಿ ಹುಲ್ಲಿಗೆ ಪೈಪ್ ಹಿಡಿದೆ. ಬೆಳಿಗ್ಗೆ ಬಂದಾಗ ಅಕ್ಕನ ಚಪ್ಪಲಿ ಒದ್ದೆಯಾಯಿತು. ಹುಲ್ಲು ನೋಡಿದರು. ನನ್ನ ಮುಖ ನೋಡಲಿಲ್ಲ. ಸುಮ್ನೆ ಪಾತ್ರೆ ತೊಳೆಯಲು ಹೋದರು.

ಇದನ್ನು ಮನೆಯಲ್ಲೂ ಹೇಳಿಲ್ಲ ಕಣೋ. ನಾನು ಲಾನ್ ಕಿತ್ತಿದ್ದು ಚಿಟ್ಟೆಗೋಸ್ಕರ ಅಲ್ಲ. ಅದರ ಮೇಲೆ ಕಾಲಿಡಲು ಆಗುತ್ತಿರಲಿಲ್ಲ.

ಮುಂಗಾರಿನ ಮೊದಲ ಮಳೆಗೆ ನಾನು ನೆಡದೇ ಇದ್ದದ್ದೆಲ್ಲ ಅಲ್ಲಿ ಹುಟ್ಟಿತು. ಕಳೆ ಅಂತ ಕೀಳಲು ಕೂತೆ. "ಅಯ್ಯೋ ಬಿಡಿ ಅಣ್ಣ" ಅಂತ ಅಕ್ಕ ಓಡಿ ಬಂದರು. ಇದು ಅಣ್ಣೆ ಸೊಪ್ಪು, ಇದು ಗಣಿಕೆ, ಇದು ಹೊನಗೊನೆ, ಒಂದೊಂದನ್ನೂ ಮುಟ್ಟಿ ತೋರಿಸಿದರು. ಪಾರ್ಥೇನಿಯಂ ಮಾತ್ರ ಹೂ ಬಿಡುವ ಮೊದಲೇ ಬುಡಸಮೇತ ಕಿತ್ತರು. ಮಡಿಲು ತುಂಬ ಬೆರಕೆ ಸೊಪ್ಪು ಬಿಡಿಸಿಕೊಂಡರು. ಆ ನೀರಿನ ವಿಷಯ ಎತ್ತಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ರಾತ್ರಿ ಹೆಸರುಕಾಳು ನೆನೆಸಿಡಿ, ನಾಳೆ ಬಸ್ಸಾರು ಮಾಡೋಣ" ಅಂದರು.

ಸಾಕು ಬಿಡು. ಭಾನುವಾರ ಬಾ. ಬಸ್ಸಾರು, ಮುದ್ದೆ ಇದೆ. ಮಳೆ ಬಂದರೂ ಪರವಾಗಿಲ್ಲ.

ನಿನ್ನ,
ಮೂರನೇ ಬೆಂಚು