ಟವೆಲ್ಲಿನ ಹಂಸ

ಹುರ್ಘಾಡಾ, ಈಜಿಪ್ಟ್
ಶುಕ್ರವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ. ಮುಂದಿನದನ್ನು ಓದಿ ನೀನು ಗಾಬರಿಯಾಗಬಾರದು, ಅದಕ್ಕೇ ಇದನ್ನು ಮೊದಲು ಬರೆದೆ. ಅಮ್ಮನಿಗೆ ಓದಿ ಹೇಳುವಾಗ ಒಂಟೆಯ ಕಥೆ ಮುಗಿಯುವವರೆಗೆ ಓದು, ಸಾಕು. ಉಳಿದದ್ದು ನಿನಗೆ ಮತ್ತು ಭಾವನವರಿಗೆ ಮಾತ್ರ.

ನಾನು ಕಳಿಸಿದ ಫೋಟೋ ನೋಡಿ ನೀನು "ಸ್ವರ್ಗದ ಹಾಗಿದೆಯಲ್ಲೇ, ಡಿಸೆಂಬರ್‌ಗೆ ನಾವೂ ಹೊರಡೋದೇ" ಅಂತ ಮೆಸೇಜ್ ಹಾಕಿದ್ದೆ ಅಲ್ವಾ? ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿರುತ್ತಾಳೆ.

ಫೋಟೋದಲ್ಲಿ ಸುಳ್ಳಿಲ್ಲ. ಕೆಂಪು ಸಮುದ್ರದ ನೀರು ನಿಜಕ್ಕೂ ಅಷ್ಟು ತಿಳಿ. ಜೆಟ್ಟಿಯ ತುದಿಯಿಂದ ಇಳಿದು ಮುಖ ಮುಳುಗಿಸಿದರೆ ಕಾಲ ಕೆಳಗೇ ಹವಳ, ಅದರ ಸುತ್ತ ಹಳದಿ ಮೀನು. ಆ ಅರ್ಧ ಗಂಟೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಸದ್ಯ, ಮೀನುಗಳಿಗೆ ಇಂಗ್ಲಿಷ್ ಬರುವುದಿಲ್ಲ.

ಆದರೆ ನಾನು ಫೋಟೋ ತೆಗೆದದ್ದು ಆ ಕಡೆ ತಿರುಗಿ ಮಾತ್ರ. ಬುಕ್ ಮಾಡುವಾಗ "ಸಮುದ್ರ ಕಾಣುವ ರೂಮು" ಅಂದಿದ್ದರು. ಕಾಣುತ್ತದೆ, ಬಾಲ್ಕನಿಯ ಕಂಬಿ ಹಿಡಿದುಕೊಂಡು ಎಡಕ್ಕೆ ಬಗ್ಗಿದರೆ. ನೇರ ಎದುರಿಗಿರುವುದು ಅರ್ಧಕ್ಕೆ ನಿಂತ ಕಟ್ಟಡ. ಎರಡು ಈಜುಕೊಳಗಳಲ್ಲಿ ಒಂದಕ್ಕೆ ನೀರೇ ಇಲ್ಲ. ಬೀಚಿನಲ್ಲಿ ಕುರ್ಚಿ ಹಾಕಿಕೊಂಡು ಪುಸ್ತಕ ತೆಗೆದರೆ ಎರಡನೇ ಪುಟಕ್ಕೆ ಮಸಾಜ್ ಮಾಡುವವನು ಬಂದು ನಿಲ್ಲುತ್ತಾನೆ. ಅವನು ಹೋದರೆ ದೋಣಿಯವನು, ಆಮೇಲೆ ಅತ್ತರಿನವನು. ಹೋಗಲಿ ಬಿಡು, ಇಷ್ಟಕ್ಕೆಲ್ಲ ಯಾರು ಪತ್ರ ಬರೆಯುತ್ತಾರೆ.

ಬುಧವಾರ ನಾನು ಮತ್ತು ಆಫೀಸಿನ ಗೆಳತಿ ಲಕ್ಸರ್‌ಗೆ ಹೋಗಿದ್ದೆವು. ಬೆಳಗಿನ ಜಾವ ಹೊರಟು, ಮರುಭೂಮಿ ದಾಟಿ ನಾಲ್ಕು ಗಂಟೆಯ ದಾರಿ. ಅಲ್ಲಿನ ಕಾರ್ನಾಕ್ ದೇವಾಲಯದಲ್ಲಿ 134 ಕಂಬಗಳ ಒಂದು ಮಂಟಪವಿದೆ. 3,200 ವರ್ಷಕ್ಕೂ ಹಳೆಯದು. ನಡುವಿನ 12 ಕಂಬಗಳು ಸುಮಾರು 21 ಮೀಟರ್ ಎತ್ತರ. ಅವುಗಳ ಮಧ್ಯೆ ಕತ್ತೆತ್ತಿ ಸುಮ್ನೆ ನಿಲ್ಲಬೇಕು ಅಂತ ನನಗೆ ಎಷ್ಟು ವರ್ಷದ ಆಸೆ, ನಿನಗೆ ಗೊತ್ತಲ್ಲ. ನಿಂತೆ. ಹತ್ತು ಕಂಬ ಎಣಿಸಿರಲಿಲ್ಲ, ಉದ್ದ ನಿಲುವಂಗಿಯ ಕಾವಲುಗಾರ ಬಂದು ಹಗ್ಗ ಎತ್ತಿ ಹಿಡಿದು "ಬಾ, ಒಳ್ಳೆ ಫೋಟೋ" ಅಂತ ಕಣ್ಸನ್ನೆ ಮಾಡಿದ. ಬೇಡವೆಂದರೆ ಕೇಳಲಿಲ್ಲ, ಹೋದರೆ ಬೆರಳು ಉಜ್ಜಿ ತೋರಿಸಿ "ಬಕ್ಷೀಶ್" ಅಂದ. ರಾಜರ ಕಣಿವೆಯ ಗೋರಿಯೊಳಗೆ ವಿಪರೀತ ಸೆಕೆ. ಅಲ್ಲೊಬ್ಬ ಕೈಗೆ ರಟ್ಟಿನ ತುಂಡು ಕೊಟ್ಟ, ಬೀಸಿಕೊಳ್ಳಲಿಕ್ಕೆ. ಪಾಪ, ಎಷ್ಟು ಒಳ್ಳೆಯವನು ಅಂದುಕೊಂಡೆ. ಹೊರಗೆ ಬರುವಾಗ ರಟ್ಟು ವಾಪಸ್ ಇಸಿದುಕೊಂಡು ಅದಕ್ಕೂ ಬಕ್ಷೀಶ್!

ಬೀದಿಯಲ್ಲಿ ಇನ್ನೊಂದು ಪಟ್ಟು. "ಇಂಡಿಯಾ? ಅಮಿತಾಭ್ ಬಚ್ಚನ್!" ಅಂತ ಕೂಗುತ್ತಾರೆ. ಅವರಿಗೆ ಇಲ್ಲಿ ನಿಜಕ್ಕೂ ಅಭಿಮಾನಿಗಳು ಜಾಸ್ತಿ, ಅದು ನಾಟಕವಲ್ಲ. ಆದರೆ ನೀನು ನಕ್ಕರೆ ಸಿಕ್ಕಿಬಿದ್ದೆ ಅಂತಲೇ ಲೆಕ್ಕ. ಒಬ್ಬನಂತೂ "ಗುರುತು ಸಿಗಲಿಲ್ವಾ? ನಾನು ನಿಮ್ಮ ಹೋಟೆಲಿನ ಅಡುಗೆಯವನು" ಅಂದ. ನಮ್ಮ ಹೋಟೆಲ್ ಇದ್ದದ್ದು ಸುಮಾರು 300 ಕಿಲೋಮೀಟರ್ ಆಚೆ.

ಇನ್ನು ಒಂಟೆ. ನೈಲ್ ನದಿಯ ಪಶ್ಚಿಮ ದಡದಲ್ಲಿ ಒಬ್ಬ ಸವಾರಿಗೆ ಇಲ್ಲಿನ 50 ಪೌಂಡ್ ಅಂದ, ಗೆಳತಿ ಹತ್ತಿದಳು. ಹತ್ತುವಾಗ ಒಂಟೆ ಕೂತಿರುತ್ತದೆ. ಇಳಿಯಬೇಕಾದರೂ ಅದು ಕೂರಬೇಕು ತಾನೇ? ಕೂರು ಅಂತ ಹೇಳಬೇಕಾದವನು ಅವನು. "ಹತ್ತಿಸಲು 50, ಇಳಿಸಲು 500" ಅಂತ ನಗುತ್ತಾ ನಿಂತ. ಇವಳು ಮೇಲಿಂದ ನನ್ನ ಹೆಸರು ಹಿಡಿದು ಕಿರುಚುತ್ತಿದ್ದಾಳೆ. ನಾನು ಫೋನ್ ತೆಗೆದು 126 ಒತ್ತಿ, ಅವನ ಮುಖದ ಮುಂದೆ ಹಿಡಿದೆ. ಅದು ಪ್ರವಾಸಿ ಪೊಲೀಸರ ನಂಬರು. ಕರೆ ಮಾಡುವ ಮೊದಲೇ ಒಂಟೆ ಕೂತಿತು. 100 ಕೊಟ್ಟು ಬಂದೆವು. ಪ್ರಾಚೀನ ಸ್ಮಾರಕಗಳ ಹತ್ತಿರ ಹೀಗೆ ದುಂಬಾಲು ಬೀಳುವವರಿಗೆ 3,000ದಿಂದ 10,000 ಪೌಂಡ್ ದಂಡ ಅಂತ 2020ರಲ್ಲೇ ಕಾನೂನು ಬಂದಿದೆಯಂತೆ. ಕಾನೂನು ಬಂದ ಸುದ್ದಿ ಒಂಟೆಗಳಿಗೆ ಮುಟ್ಟಿಲ್ಲ.

ಇವರ ಮೇಲೆ ನನಗೆ ಪೂರ್ತಿ ಸಿಟ್ಟು ಬರಲಿಲ್ಲ ಕಣೇ. 2010ರಲ್ಲಿ ಈ ದೇಶಕ್ಕೆ 1.4 ಕೋಟಿಗಿಂತ ಹೆಚ್ಚು ಪ್ರವಾಸಿಗರು ಬಂದಿದ್ದರು. 2011ರ ಕ್ರಾಂತಿ ಆಯಿತು. 2015ರಲ್ಲಿ ಇಲ್ಲಿನ ಸಿನಾಯ್ ಪ್ರದೇಶದಲ್ಲಿ ರಷ್ಯಾದ ವಿಮಾನ ಬಿದ್ದು 224 ಜನ ಸತ್ತರು. ಮರುವರ್ಷ ಬಂದವರು ಸುಮಾರು 54 ಲಕ್ಷ ಅಷ್ಟೇ. ಈಗ ಜನ ಮತ್ತೆ ಬರುತ್ತಿದ್ದಾರೆ, ಆದರೆ ಪೌಂಡಿನ ಬೆಲೆ ಪಾತಾಳಕ್ಕೆ ಇಳಿದಿದೆ. ಲಕ್ಸರಿನ ಜಟಕಾ ಕುದುರೆಗಳ ಪಕ್ಕೆಲುಬು ಎಣಿಸಬಹುದಿತ್ತು. ಹೊಟ್ಟೆಪಾಡಿಗೆ ಪೀಡಿಸುವವನನ್ನು ಬೈದುಕೊಂಡು ಮರೆಯಬಹುದು.

ಅಮ್ಮನಿಗೆ ಇಲ್ಲಿಗೆ ನಿಲ್ಲಿಸು.

ಹೋಟೆಲಿನಲ್ಲಿ ರೂಮು ಗುಡಿಸುವ ಹುಡುಗ ದಿನಾ ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಏನಾದರೂ ಮಾಡಿಟ್ಟು ಹೋಗುತ್ತಿದ್ದ. ಮೊದಲ ದಿನ ಎರಡು ಹಂಸ, ಕೊಕ್ಕಿಗೆ ಕೊಕ್ಕು. ಖುಷಿಯಾಗಿ ಫೋಟೋ ತೆಗೆದೆ, ನಿನಗೂ ಕಳಿಸಿದ್ದೇನೆ ನೋಡು. ಎರಡನೇ ದಿನ ಹೃದಯದ ಆಕಾರ, ಸುತ್ತ ಹೂವಿನ ಎಸಳು. ಲಕ್ಸರಿನಿಂದ ಸುಸ್ತಾಗಿ ಬಂದ ರಾತ್ರಿ ಬಾಗಿಲು ತೆಗೆದರೆ ಒಂದೇ ಹಂಸ, ಅದಕ್ಕೆ ನನ್ನ ತಂಪು ಕನ್ನಡಕ ಹಾಕಿದ್ದ. ಆ ಕನ್ನಡಕ ಸೂಟ್‌ಕೇಸಿನ ಒಳಗಿತ್ತು. ಬಟ್ಟೆಗಳ ಕೆಳಗೆ. ಹಂಸದ ಅಡಿಯಲ್ಲಿ ಚೀಟಿ: ಒಂದು ಫೋನ್ ನಂಬರು, "ನೀನು ತುಂಬ ಚಂದ, ಯಾರಿಗೂ ಹೇಳಬೇಡ."

ಅಕ್ಕ, ಬೀದಿಯಲ್ಲಿ ನೂರು ಜನ ಬೆನ್ನು ಬಿದ್ದಾಗ ಆಗದ ಭಯ ಆಗ ಆಯಿತು. ಬೀದಿಯವನ ಹತ್ತಿರ ನನ್ನ ರೂಮಿನ ಕೀ ಇರಲಿಲ್ಲ. ಒಂಬತ್ತೂವರೆಗೆ ಬಾಗಿಲು ಬಡಿದ ಸದ್ದು. "ಟವೆಲ್ ಬೇಕಾ?" ಬೇಡ ಅಂತ ಒಳಗಿಂದಲೇ ಕೂಗಿದೆ. ಹೋದ, ಆದರೆ ತಕ್ಷಣ ಹೋಗಲಿಲ್ಲ. ಬಾಗಿಲ ಸಂದಿಯಲ್ಲಿ ಕಾಲಿನ ನೆರಳು ಕಾಣುತ್ತಿತ್ತು. ಕುರ್ಚಿ ತಂದು ಬಾಗಿಲಿಗೆ ಅಡ್ಡ ಇಟ್ಟು, ಪಕ್ಕದ ರೂಮಿನ ಗೆಳತಿಗೆ ಫೋನ್ ಮಾಡಿ ಕರೆಸಿಕೊಂಡೆ. ರಿಸೆಪ್ಷನ್‌ಗೆ ಹೇಳಿದರೆ ಅಲ್ಲಿದ್ದವನು ನಕ್ಕ. ಹುಡುಗ ಒಳ್ಳೆಯವನು, ಸುಮ್ನೆ ತಮಾಷೆಗೆ ಮಾಡಿರುತ್ತಾನೆ ಅಂದ.

ಬೆಳಿಗ್ಗೆ ಅದೇ ಕೌಂಟರಿನಲ್ಲಿ ತಲೆಗೆ ವಸ್ತ್ರ ಕಟ್ಟಿದ ಚಿಕ್ಕ ಹುಡುಗಿ ಇದ್ದಳು. ನನ್ನ ಮಾತು ಕೇಳಿ ಅತ್ತಿತ್ತ ನೋಡಿ, ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿದಳು. "ಬಾಯಲ್ಲಿ ಹೇಳಬೇಡಿ, ಬರೆದುಕೊಡಿ. ಬಾಯಲ್ಲಿ ಹೇಳಿದರೆ ನಗುತ್ತಾರೆ." ಹೇಳುವಾಗ ಅವಳ ಮುಖದಲ್ಲಿ ನಗುವಿರಲಿಲ್ಲ. ಅವಳೂ ಯಾವಾಗಲೋ ಬಾಯಲ್ಲಿ ಹೇಳಿ ನೋಡಿದ್ದಳು ಅನಿಸಿತು.

ಬರೆದೆ. ತಾರೀಖು, ಸಮಯ, ಚೀಟಿಯ ಫೋಟೋ, ಎಲ್ಲ. ಒಂದು ಪ್ರತಿ ಟ್ರಾವೆಲ್ ಕಂಪನಿಗೂ ಕಳಿಸಿದೆ. ನಿದ್ದೆ ಬರದ ರಾತ್ರಿ ಫೋನಿನಲ್ಲಿ ಓದಿಕೊಂಡದ್ದನ್ನೂ ಸೇರಿಸಿದೆ. ಇಲ್ಲಿ ಲೈಂಗಿಕ ಕಿರುಕುಳವನ್ನು ಅಪರಾಧ ಅಂತ ಕಾನೂನು ಮಾಡಿದ್ದು 2014ರಲ್ಲಿ. 2021ರಲ್ಲಿ ಅದನ್ನು ಬಿಗಿ ಮಾಡಿ, ಕನಿಷ್ಠ 2 ವರ್ಷ ಜೈಲು, 1 ಲಕ್ಷ ಪೌಂಡಿನಿಂದ ಮೇಲೆ ದಂಡ ಅಂತ ಮಾಡಿದ್ದಾರೆ. ಈ ದೇಶದ ಹೆಂಗಸರು ಬೀದಿಗಿಳಿದು ಹೋರಾಡಿದ್ದರಿಂದ ಬಂದ ಕಾನೂನು ಅದು, ನಮ್ಮಂಥ ಪ್ರವಾಸಿಗರಿಗೋಸ್ಕರ ಮಾಡಿದ್ದಲ್ಲ. ಮ್ಯಾನೇಜರ್ ಓದುತ್ತಾ ಆ ಸಾಲಿಗೆ ಬಂದಾಗ ಕುರ್ಚಿ ಎಳೆದುಕೊಂಡು ಕೂತ. ಹತ್ತು ನಿಮಿಷದಲ್ಲಿ ಬೇರೆ ಮಹಡಿ, ಬೇರೆ ಕೀ ಸಿಕ್ಕಿತು. ಆ ಹುಡುಗ ಮತ್ತೆ ಕಣ್ಣಿಗೆ ಬೀಳಲಿಲ್ಲ. ಆಮೇಲೆ ಮ್ಯಾನೇಜರ್ ಮೆತ್ತಗೆ ಒಂದು ಕೂಪನ್ ಕೊಟ್ಟ, ಈ ವಿಷಯ ಎಲ್ಲೂ ಬರೆಯಬೇಡಿ ಅಂತ. ಏನು ಕೂಪನ್ ಗೊತ್ತಾ? ಉಚಿತ ಮಸಾಜ್! ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದೆ.

ನೀವು ಬರಲೇಬೇಡಿ ಅನ್ನುವುದಿಲ್ಲ. ಭಾವ ಜೊತೆಗಿದ್ದರೆ ಅರ್ಧ ಕಾಟ ತಾನಾಗಿ ಕಡಿಮೆ, ಹಾಗೆ ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. ನನಗೆ ಪುಟ್ಟಿಯದೇ ಯೋಚನೆ. ಅವಳು ಯಾರು ಮಾತಾಡಿಸಿದರೂ ನಿಂತು ಉತ್ತರ ಕೊಡುತ್ತಾಳೆ, ಹೆಸರು ಕೇಳಿದರೆ ಹೇಳುತ್ತಾಳೆ. ಇಲ್ಲಿ "ಲಾ, ಶುಕ್ರನ್" ಅಂದು ನಡೆಯುತ್ತಲೇ ಇರಬೇಕು. ಬೇಡ, ಥ್ಯಾಂಕ್ಸ್ ಅಂತ ಅರ್ಥ. ನಿಂತು ಹೇಳಿದರೆ ಆ ಮಾತಿಗೆ ಬೆಲೆಯಿಲ್ಲ. ರೂಮಿನ ನಂಬರು ಯಾರಿಗೂ ಹೇಳಬಾರದು. ರೂಮಿಗೆ ಹೋದ ಕೂಡಲೇ ಬ್ಯಾಗ್ ಬಿಚ್ಚುವ ಮುಂಚೆ ಒಳಗಿನ ಚಿಲಕ ಸರಿಯಿದೆಯಾ ನೋಡಿಕೊಳ್ಳಿ. ನನ್ನ ಮೊದಲ ರೂಮಿನದು ಮುರಿದಿತ್ತು, ನಾನು ನೋಡಿದ್ದು ಮೂರನೇ ರಾತ್ರಿ.

ನಾಳೆ ಬೆಳಿಗ್ಗೆ ಏಳಕ್ಕೆ ವಿಮಾನ ನಿಲ್ದಾಣದ ಬಸ್ಸು. ಹೊಸ ರೂಮಿನಲ್ಲಿ ಟವೆಲ್ ಹಂಸವೂ ಅಲ್ಲ, ಹೃದಯವೂ ಅಲ್ಲ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಾರೆ. ಅಮ್ಮ ಮತ್ತೆ ಮತ್ತೆ ಕೇಳಿದರೆ ಮೀನಿನ ವಿಷಯ ಹೇಳು.

ನಿನ್ನ ತಂಗಿ