ಟ್ಯೂನರ್ ಆಂಟೆನಾದ ಬುಡದಲ್ಲಿರಲಿ

ಮಾನ್ಯರೇ,

ಕರೆಂಟು, ಮೊಬೈಲ್ ಎರಡೂ ಕೈಕೊಟ್ಟರೆ ಏನು ಗತಿ ಎಂಬುದನ್ನು ಕೊಡಗು 2018ರ ಆಗಸ್ಟ್‌ನಲ್ಲಿ ನೋಡಿದೆ. ಅಂಥ ಹೊತ್ತಿನಲ್ಲಿ ಮೊಬೈಲ್ ಜಾಲವಿಲ್ಲದೆಯೇ ಸುದ್ದಿ ಮುಟ್ಟಿಸುವ ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ ಕಲಿಯುತ್ತಿರುವ ನಮ್ಮ ಹುಡುಗರಿಗೆ ಒಂದು ಮಾತು. ರೇಡಿಯೋಗೂ ಆಂಟೆನಾಗೂ ತಾನಾಗಿ ಹೊಂದಾಣಿಕೆ ಮಾಡುವ ಆಟೋ ಟ್ಯೂನರನ್ನು ಸುಮ್ನೆ ಮೇಜಿನ ಮೇಲಿಡಬೇಡಿ. ಮೀಟರಿನಲ್ಲಿ ಎಸ್‌ಡಬ್ಲ್ಯೂಆರ್ (ಹೊಂದಾಣಿಕೆ ಎಷ್ಟು ಕೆಟ್ಟಿದೆ ಎಂದು ತೋರಿಸುವ ಅಳತೆ) 1:1, ಅಂದರೆ ಎಲ್ಲ ಸರಿ ಎಂದು ಕಾಣುತ್ತದೆ ನಿಜ. ಆದರೆ ಆಂಟೆನಾವರೆಗಿನ ಕೇಬಲ್‌ನಲ್ಲಿ ಅದು ಹಾಗೇ ಜಾಸ್ತಿ ಇರುತ್ತದೆ, ಪವರ್ ಬಿಸಿಯಾಗಿ ಹೋಗುತ್ತದೆ. ಟ್ಯೂನರನ್ನು ವರ್ಟಿಕಲ್ (ನೆಟ್ಟಗೆ ನಿಲ್ಲಿಸಿದ) ಆಂಟೆನಾದ ಬುಡದಲ್ಲೇ, ನೀರಿಳಿಯದ ಡಬ್ಬಿಯಲ್ಲಿಡಿ.

ಆಂಟೆನಾದ ಬುಡದಿಂದ ಸುತ್ತಲೂ ಹರಡುವ ನೆಲದ ತಂತಿಗಳನ್ನಂತೂ ಮರೆಯಲೇಬೇಡಿ. ಅವಿಲ್ಲದಿದ್ದರೆ ಎಂಥ ಟ್ಯೂನರ್ ಇದ್ದರೂ ಮಣ್ಣು ಪವರ್ ನುಂಗುತ್ತದೆ. ನಮ್ಮ ತೋಟದಲ್ಲಿ ಕಾಫಿ ಸಾಲುಗಳ ನಡುವೆ ಹಾಸಿದ್ದೇನೆ, ಉದುರೆಲೆ ಮುಚ್ಚಿಕೊಂಡಿದೆ. 7 ಮೆಗಾಹರ್ಟ್ಸ್ ಆವರ್ತನಕ್ಕೆ 10 ಮೀಟರ್ ಉದ್ದದ ತಂತಿಗಳು ಸಾಕು.

ಜೂನ್‌ಗೆ ಮುಂಚೆ ಪಂಚಾಯಿತಿಗಳು ಇಂಥದ್ದೊಂದು ಆಂಟೆನಾಗೆ ಜಾಗ ಕೊಡಲಿ.

– ಹ್ಯಾಮ್ ಹವ್ಯಾಸಿ, ಮಾದಾಪುರ