ರಫ್ತಿನ ಮೀನಿಗಿರುವ ಪರೀಕ್ಷೆ ನಮ್ಮೂರ ಮೀನಿಗೂ ಇರಲಿ

ಮಾನ್ಯ ಸಂಪಾದಕರೇ,

ಕರಾವಳಿಯಿಂದ ಯುರೋಪಿಗೆ ರಫ್ತಾಗುವ ಸ್ಕ್ವಿಡ್, ಅಂದರೆ ನಮ್ಮ ಬೊಂಡಾಸ್‌ನಲ್ಲಿ ಕಿಲೋಗೆ 1 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಕಂಡುಬಂದರೆ ಅಲ್ಲಿನವರು ಆ ಸರಕನ್ನು ಒಪ್ಪಿಕೊಳ್ಳುವುದಿಲ್ಲ. ಭಾರತದಿಂದ ಹೋದ ಸರಕು ಈ ಕಾರಣಕ್ಕೆ ತಿರಸ್ಕೃತವಾದದ್ದೂ ಉಂಟು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ 2 ಮಿಲಿಗ್ರಾಂ. ಮಿತಿಯ ವ್ಯತ್ಯಾಸಕ್ಕಿಂತ ಹೆಚ್ಚಾಗಿ ಕಳವಳ ತರುವ ಸಂಗತಿಯೆಂದರೆ, ಮಂಗಳೂರು ಅಥವಾ ಮಲ್ಪೆಯ ಮಾರುಕಟ್ಟೆಯಲ್ಲಿ ಕೊಂಡ ಮೀನು ಆ ಮಿತಿಯೊಳಗಿದೆಯೇ ಎಂದು ತಿಳಿಯಲು ಜನಸಾಮಾನ್ಯರಿಗೆ ದಾರಿಯಿಲ್ಲದಿರುವುದು.

2018ರಲ್ಲಿ ಮೀನು ಕೆಡದಂತೆ ಫಾರ್ಮಾಲಿನ್ ಎಂಬ ರಾಸಾಯನಿಕ ಬೆರೆಸುತ್ತಾರೆಂಬ ಗದ್ದಲ ಎದ್ದಾಗ ಹಲವೆಡೆ ಮೀನಿನ ತಪಾಸಣೆ ನಡೆಯಿತು. ಆದರೆ ಪಾದರಸ, ಸೀಸ, ಕ್ಯಾಡ್ಮಿಯಂಗಳು ಯಾರೋ ಮೇಲಿಂದ ಬೆರೆಸುವ ವಸ್ತುಗಳಲ್ಲ. ಮೀನು ಬದುಕಿರುವಾಗಲೇ ಅದರ ಮೈಯಲ್ಲಿ ಸೇರುವ ಇವು ತೊಳೆದರೂ ಹೋಗವು, ಬೇಯಿಸಿದರೂ ಹೋಗವು. ಕಲ್ಲಿದ್ದಲಿನ ಹೊಗೆಯಿಂದಲೋ ಕಾರ್ಖಾನೆಯ ತ್ಯಾಜ್ಯದಿಂದಲೋ ಕಡಲು ಸೇರಿದ ಪಾದರಸವನ್ನು ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಮಿಥೈಲ್ ಪಾದರಸ ಎಂಬ ಇನ್ನೂ ವಿಷಕಾರಿ ರೂಪಕ್ಕೆ ಮಾರ್ಪಡಿಸುತ್ತವೆ, ಮತ್ತು ಅದು ಸಣ್ಣ ಮೀನನ್ನು ತಿಂದ ದೊಡ್ಡ ಮೀನಿನಲ್ಲಿ ಇನ್ನಷ್ಟು ಸಾಂದ್ರವಾಗುತ್ತಾ ಹೋಗುತ್ತದೆ. ಗರ್ಭದಲ್ಲಿರುವ ಶಿಶುವಿನ ಮಿದುಳಿಗೆ ಇದು ಮಾಡುವ ಹಾನಿಯನ್ನು, ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದು ಜನ ಕಾಯಿಲೆ ಬಿದ್ದ ಜಪಾನಿನ ಮಿನಾಮಾಟ ಊರು 1956ರ ನಂತರದ ವರ್ಷಗಳಲ್ಲಿ ಜಗತ್ತಿಗೆ ತೋರಿಸಿತು.

ಇದನ್ನು ಓದಿ ಯಾರೂ ಮೀನು ಬಿಡಬೇಕಾಗಿಲ್ಲ. ಬೂತಾಯಿ, ಬಂಗುಡೆಯಂತಹ ಸಣ್ಣ ಮೀನುಗಳಲ್ಲಿ ಪಾದರಸ ಸಾಮಾನ್ಯವಾಗಿ ಕಡಿಮೆ. ಎಚ್ಚರ ಬೇಕಾದದ್ದು ಶಾರ್ಕ್, ದೊಡ್ಡ ಕೇದರ (ಟ್ಯೂನಾ) ಮುಂತಾದ ಬೇಟೆಗಾರ ಮೀನುಗಳ ವಿಷಯದಲ್ಲಿ, ಅದರಲ್ಲೂ ಗರ್ಭಿಣಿಯರಿಗೆ. ಬೊಂಡಾಸ್‌ನ ಕ್ಯಾಡ್ಮಿಯಂ ಬಹುಪಾಲು ಅದರ ಒಳಾಂಗಗಳಲ್ಲಿ ಇರುವುದರಿಂದ ಅವನ್ನು ಒಡೆಯದಂತೆ ಪೂರ್ತಿಯಾಗಿ ತೆಗೆದು ಶುಚಿಗೊಳಿಸಬೇಕು. ಇಷ್ಟು ಸರಳವಾದ ತಿಳಿವಳಿಕೆಯನ್ನು ಮೀನು ಮಾರುಕಟ್ಟೆಯಲ್ಲಿ ಒಂದು ಫಲಕ ಹಾಕಿ ಹೇಳುವುದು ಇಲಾಖೆಗೆ ಕಷ್ಟದ ಕೆಲಸವಲ್ಲ.

ಅಳಿವೆಯ ಚಿಪ್ಪುಜೀವಿಗಳಾದ ಮರುವಾಯಿ ಮತ್ತು ಪಚ್ಚಿಲೆಗಳ ಬಗ್ಗೆ ನನಗೆ ಹೆಚ್ಚು ಆತಂಕವಿದೆ. ಅವು ಇದ್ದಲ್ಲೇ ಇದ್ದು, ನೀರನ್ನು ಸೋಸಿ ಆಹಾರ ಪಡೆಯುವ ಜೀವಿಗಳಾದ್ದರಿಂದ ಆ ಜಾಗದ ಮಾಲಿನ್ಯ ನೇರವಾಗಿ ಅವುಗಳ ಮಾಂಸ ಸೇರುತ್ತದೆ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ತೋಡುಗಳ ನೀರು ಹರಿಯುವ ಫಲ್ಗುಣಿ ನದಿಯು ನೇತ್ರಾವತಿಯೊಡನೆ ಕಡಲು ಸೇರುವ ಅಳಿವೆಯಿಂದಲೇ ಪರೀಕ್ಷೆ ಆರಂಭವಾಗಬೇಕು. ಮಂಗಳೂರಿನಲ್ಲೇ ಮೀನುಗಾರಿಕಾ ಕಾಲೇಜಿದೆ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ, ತಜ್ಞರಿಗೆ ಕೊರತೆಯಿಲ್ಲ. ಮೀನುಗಾರಿಕಾ ಇಲಾಖೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ಇವರ ನೆರವು ಪಡೆದು, ಯಾವ ಬಂದರಿನ ಯಾವ ಮೀನಿನಲ್ಲಿ ಯಾವ ಲೋಹ ಎಷ್ಟಿದೆ ಎಂಬುದನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಕನ್ನಡದಲ್ಲೇ ಪ್ರಕಟಿಸಲಿ. ಗಾಳಿಸುದ್ದಿ ಹಬ್ಬಿದಾಗಲೆಲ್ಲ ಮೊದಲು ವ್ಯಾಪಾರ ಕಳೆದುಕೊಳ್ಳುವವರು ಬುಟ್ಟಿ ಹೊತ್ತು ಮಾರುವ ಮೀನುಗಾರ ಮಹಿಳೆಯರು. ಇಂತಹ ಪಟ್ಟಿ ಅವರ ಕೈಯಲ್ಲಿದ್ದರೆ ಗಿರಾಕಿಗಳ ಪ್ರಶ್ನೆಗೆ ಅವರೇ ಉತ್ತರ ಕೊಡಬಲ್ಲರು.

ಇತಿ,
ಓದುಗರೊಬ್ಬರು, ಮಂಗಳೂರು